ಮಿಂಚುಪಟ್ಟಿಯ ಹಿಂಬದಿ

ಮದುವೆ ಮುಗಿದು ವರ್ಷವಾದರೂ ಅದರ ಲಗ್ನಪತ್ರಿಕೆಯನ್ನು ನಾನು ಬಿಸಾಡುವುದಿಲ್ಲ. ಇದೊಂದು ಕಾಯಿಲೆ ಎಂದು ನನ್ನ ಹೆಂಡತಿಯ ತೀರ್ಮಾನ. ರಾಮನಗರದ ನಮ್ಮ ಎರಡು ಕೋಣೆಯ ಮನೆಯಲ್ಲಿ ಟಿ.ವಿ. ಹಿಂದೊಂದು ಕಟ್ಟು, ಅಕ್ಕಿ ಡಬ್ಬದ ಮೇಲೊಂದು ಕಟ್ಟು, ದೇವರ ಗೂಡಿನ ಕೆಳಗೂ ಒಂದು ಕಟ್ಟು ಕೂತಿವೆ. "ಮದ್ವೆ ಆದೋರೇ ಮಡಿಕ್ಕಂಡಿರಕಿಲ್ಲ, ನೀವ್ಯಾಕೆ ಮಡಿಕ್ಕಂಡಿದ್ದೀರಿ? ಇದ್ರಾಗೆ ಎರಡು ಜೋಡಿ ಆಗ್ಲೇ ಬ್ಯಾರೆ ಆಗೋಗವೆ" ಎಂದು ಅವಳು ದೂಳು ಹೊಡೆಯುವಾಗಲೆಲ್ಲ ಕೇಳುತ್ತಾಳೆ. ನಿವೃತ್ತ ಮೇಷ್ಟರಿಗೆ ಪ್ರಶ್ನೆ ಕೇಳಿ ಅಭ್ಯಾಸವೇ ಹೊರತು ಉತ್ತರ ಹೇಳಿ ಅಭ್ಯಾಸವಿಲ್ಲ. ನಾನು ಪೇಪರು ಅಡ್ಡ ಹಿಡಿದುಕೊಳ್ಳುತ್ತೇನೆ. ಆದರೆ ನಿಮಗೆ ಹೇಳಬಹುದು. ನೀವು ನನ್ನ ಮನೆಯ ದೂಳು ಹೊಡೆಯಬೇಕಾಗಿಲ್ಲವಲ್ಲ.

ಅಕ್ಕೂರಿನಿಂದಾಚೆ ಒಂದು ಸಣ್ಣ ಹಳ್ಳಿಯ ಸರ್ಕಾರಿ ಶಾಲೆಗೆ ನಾನು ಮುಖ್ಯೋಪಾಧ್ಯಾಯನಾಗಿದ್ದೆ. ಮುಖ್ಯ ಎನ್ನಿಸಿಕೊಳ್ಳುವಷ್ಟು ಉಪಾಧ್ಯಾಯರು ಅಲ್ಲಿರಲಿಲ್ಲ. ನಾನು ಮತ್ತು ಜಯಮ್ಮ ಟೀಚರ್, ಇಬ್ಬರೇ. ಒಂದನೇ ತರಗತಿಯಿಂದಲೇ ಇಂಗ್ಲಿಷ್ ಕಲಿಸಬೇಕು ಎಂಬ ಆದೇಶ ಆಗಷ್ಟೇ ಬಂದಿತ್ತು. ನನ್ನ ಇಂಗ್ಲಿಷು ರಜಾ ಅರ್ಜಿಯ ಇಂಗ್ಲಿಷು. ಜ್ವರ ಬಂದರೆ ನಾನು ಆ ಭಾಷೆಯಲ್ಲಿ ನಿರರ್ಗಳ, ಆರೋಗ್ಯವಾಗಿದ್ದರೆ ಮೂಗ. ಹಾಗಾಗಿ ಇಂಗ್ಲಿಷನ್ನು ಜಯಮ್ಮನವರ ತಲೆಗೆ ಕಟ್ಟಿ, ನಾನು ಬಿಸಿಯೂಟದ ಬೇಳೆ ಬೆಂದಿದೆಯೇ ಎಂದು ನೋಡಿಕೊಂಡಿದ್ದೆ.

ಜಯಮ್ಮ ಮಾಗಡಿ ತಾಲ್ಲೂಕಿನ ಕಲ್ಯದ ಕಡೆಯವರು. ಹೊಲಗೆಲಸದ ಮನೆಯಲ್ಲಿ ಬೆಳೆದವರಿಗೆ ಯಾವುದನ್ನೂ ಎಸೆಯಲು ಕೈ ಬರುವುದಿಲ್ಲ. ಪದ ಕಲಿಸಲು ಮಿಂಚುಪಟ್ಟಿ ಬೇಕು, ಅಂದರೆ ದಪ್ಪ ಕಾಗದದ ಮೇಲೆ ಒಂದು ಪದ ಬರೆದು ಮಕ್ಕಳಿಗೆ ಮಿಂಚಿನಂತೆ ತೋರಿಸಿ ಮರೆಮಾಡುವ ಚೀಟಿ. ದಪ್ಪ ಕಾಗದ ಎಲ್ಲಿಂದ ತರುವುದು? ಜಯಮ್ಮ ಲಗ್ನಪತ್ರಿಕೆಗಳನ್ನು ಕತ್ತರಿಸಿದರು. ಬಿಡದಿಯ ಕಡೆ ಕಾರ್ಖಾನೆಗಳು ಬಂದು ಭೂಮಿಗೆ ಬೆಲೆ ಏರಿದಂತೆಲ್ಲ ನಮ್ಮ ಸೀಮೆಯ ಲಗ್ನಪತ್ರಿಕೆಗಳ ದಪ್ಪವೂ ಏರುತ್ತಿದ್ದ ಕಾಲ ಅದು. ಮೊದಲು ಅರಿಸಿನ ಸವರಿದ ತೆಳ್ಳನೆಯ ಹಾಳೆ, ಆಮೇಲೆ ಮಡಿಸಿದ ಕಾರ್ಡು, ಆಮೇಲೆ ರಟ್ಟಿನಂಥದ್ದು. ಭೂಮಿ ಕಳೆದುಕೊಂಡವರ ಕಷ್ಟ ಏನೇ ಇರಲಿ, ನಮ್ಮ ಇಂಗ್ಲಿಷಿಗೆ ಒಳ್ಳೆಯ ಕಾಲ ಬಂತು. ಮಕ್ಕಳು ಮನೆಗೆ ಬಂದ ಪತ್ರಿಕೆಗಳನ್ನೆಲ್ಲ ಟೀಚರಿಗೆ ತಂದುಕೊಡುತ್ತಿದ್ದರು. ಕೆಲವರು ಮದುವೆ ನಡೆಯುವ ಮೊದಲೇ ತಂದುಬಿಟ್ಟಾಗ, ಮುಹೂರ್ತ ಎಷ್ಟೊತ್ತಿಗೆ ಎಂದು ತಿಳಿಯಲು ಅಪ್ಪಂದಿರು ಶಾಲೆಗೆ ಓಡಿಬಂದದ್ದೂ ಉಂಟು.

ಪಟ್ಟಿಗಳನ್ನು ಸಿಕ್ಕಿಸಲು ಒಂದು ಹಳೆಯ ಚಂದ್ರಿಕೆ. ರೇಷ್ಮೆ ಹುಳು ಗೂಡು ಕಟ್ಟಲೆಂದು ಬಿಡುವ, ಸುತ್ತುಸುತ್ತಾಗಿ ಪಟ್ಟಿ ಹೆಣೆದ ಬಿದಿರಿನ ತಟ್ಟೆ ಅದು. ಪ್ಲಾಸ್ಟಿಕ್ಕಿನವು ಬಂದ ಮೇಲೆ ಯಾರೋ ಹಿತ್ತಿಲಿಗೆ ಎಸೆದದ್ದನ್ನು ಜಯಮ್ಮ ಹೊತ್ತು ತಂದು ಗೋಡೆಗೆ ಒರಗಿಸಿದ್ದರು. ಹುಳುಗಳಿದ್ದ ಜಾಗದಲ್ಲಿ CAT, COW, BUS, SUN ಎಲ್ಲ ಸಾಲಾಗಿ ಕೂತವು.

ಆ ಪಟ್ಟಿಗಳ ಹಿಂಬದಿಯೇ ಒಂದು ಪ್ರಪಂಚ. ಬೆಕ್ಕಿನ ಬೆನ್ನಿಗೆ ಸುಖಾಗಮನ ಬಯಸುವ ಹನ್ನೆರಡು ಜನ ಚಿಕ್ಕಪ್ಪಂದಿರು. ಹಸುವಿನ ಬೆನ್ನಿಗೆ ಅರ್ಧ ಗಣಪತಿ. ಸೂರ್ಯನನ್ನು ತಿರುಗಿಸಿದರೆ 'ನಮ್ಮ ಮಾಮನ ಮದುವೆಗೆ ತಪ್ಪದೇ ಬನ್ನಿ' ಎಂದು ಇನ್ನೂ ಮಾತು ಬಾರದ ಎರಡು ಕೂಸುಗಳ ಆಗ್ರಹ. ನಮ್ಮ ಕಡೆ ಕೆರೆಯ ಸೋಪಾನದಲ್ಲಿ ಬಟ್ಟೆ ಒಗೆಯುವ ಚಪ್ಪಡಿಯನ್ನು ತಿರುವಿದರೆ ಕೆಲವೊಮ್ಮೆ ಹಳಗನ್ನಡದ ಶಾಸನ ಸಿಗುತ್ತದೆ. ನೂರಾರು ವರ್ಷ ಜನ ಅದರ ಬೆನ್ನ ಮೇಲೆ ಬಟ್ಟೆ ಕುಕ್ಕಿರುತ್ತಾರೆ, ಅಡಿಯಲ್ಲಿ ಯಾವನೋ ವೀರ ಹಸುಗಳನ್ನು ಬಿಡಿಸಲು ಹೋಗಿ ಸತ್ತಿರುತ್ತಾನೆ. ಇಂಥ ವಿದ್ವತ್ತಿನ ಮಾತನ್ನು ನಾನು ಸಭೆಗಳಲ್ಲಿ ಗಂಟಲು ಸರಿಪಡಿಸಿಕೊಂಡು ಹೇಳುತ್ತಿದ್ದೆ. ನನ್ನದೇ ಶಾಲೆಯ ಗೋಡೆಗೆ ಒರಗಿದ್ದನ್ನು ಮಾತ್ರ ತಿರುವಿ ನೋಡಲಿಲ್ಲ.

ಎರಡನೇ ತರಗತಿಯಲ್ಲಿ ಪವಿತ್ರ ಎಂಬ ಹುಡುಗಿ ಇದ್ದಳು. ಇಷ್ಟವಾದ ಪಟ್ಟಿ ತೆಗೆದು ಓದಿ ಎಂದರೆ ಅವಳು ಪ್ರತಿದಿನ BUS ತೆಗೆಯುತ್ತಿದ್ದಳು. ಇವತ್ತೂ ಬಸ್ಸು, ನಾಳೆಯೂ ಬಸ್ಸು. ಬಸ್ಸು ಎಂಬ ಪದ ಶಾಲೆಯ ಮುಖ ನೋಡದವರಿಗೂ ಗೊತ್ತು, ಅದನ್ನು ಮೂರು ತಿಂಗಳು ಓದುವುದೇನಿದೆ? ಓದಿದ ಮೇಲೆ ಪಟ್ಟಿಯನ್ನು ಎದೆಗೊತ್ತಿಕೊಂಡು ಒಂದಿಷ್ಟು ಹೊತ್ತು ಕೂರುವುದು ಬೇರೆ. ನಾನು ಕಿಟಕಿಯಿಂದ ನೋಡಿ ನೋಡಿ, ಅವಳ ಹೆಸರಿನ ಮುಂದೆ 'ನಿಧಾನ ಕಲಿಕೆ' ಎಂದು ಬರೆದೆ. ಮೂವತ್ತು ವರ್ಷ ಮೇಷ್ಟರಾಗಿದ್ದವನಿಗೆ ಒಂದು ನೋಟ ಸಾಕು ಎಂಬ ಜಂಬ.

ಆಗ ಬಂತು ಇಲಾಖೆಯಿಂದ ಕಲಿಕೆಯ ಕಿಟ್ಟು. ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ ಪದಗಳ ಚಾರ್ಟು, ಅಂಕಿಗಳ ಚಾರ್ಟು, ಪ್ಲಾಸ್ಟಿಕ್ ಹೊದಿಸಿದ ಇನ್ನೂರು ಮಿಂಚುಪಟ್ಟಿ, ಎಲ್ಲ ತಯಾರು. ಏನನ್ನೂ ಕತ್ತರಿಸಬೇಕಿಲ್ಲ, ಬರೆಯಬೇಕಿಲ್ಲ. ಇಪ್ಪತ್ತು ಹಣ್ಣುಗಳ ಚಿತ್ರವಿತ್ತು, ಅದರಲ್ಲಿ ಸೀಬೆಯೂ ಇಲ್ಲ, ನೇರಳೆಯೂ ಇಲ್ಲ. ಆದರೂ ನನ್ನ ಕಣ್ಣು ತುಂಬಿತು, ಸುಳ್ಳೇಕೆ ಹೇಳಲಿ. ಬಡ ಶಾಲೆಗೆ ಹೊಸ ಬಟ್ಟೆ ಬಂದಂತಾಗಿತ್ತು. ಕಿಟ್ಟನ್ನು ಬಳಸುವುದು ಹೇಗೆಂದು ಕಲಿಯಲು ಜಯಮ್ಮನವರನ್ನು ಐದು ದಿನದ ತರಬೇತಿಗೆ ಕನಕಪುರಕ್ಕೆ ಕರೆಸಿದರು. ಅದೇ ವಾರ ಅಧಿಕಾರಿಗಳು ಶಾಲೆ ನೋಡಲು ಬರುತ್ತಾರೆಂದು ಸುದ್ದಿ ಬಂತು. ನಾನು ಹೊಸ ಚಾರ್ಟುಗಳನ್ನು ಗೋಡೆ ತುಂಬ ನೇತುಹಾಕಿದೆ. ಅವುಗಳ ಪಕ್ಕದಲ್ಲಿ ಆ ಚಂದ್ರಿಕೆ ದನದ ಕೊಟ್ಟಿಗೆಯದೆನ್ನಿಸಿತು. ಅಡುಗೆಯ ಪುಟ್ಟತಾಯಮ್ಮನನ್ನು ಕರೆದು, "ಇದ್ನ ಒಳಗೆ ಹಾಕಮ್ಮ, ಒಲೆಗಾಯ್ತದೆ" ಎಂದೆ. ಪಟ್ಟಿಗಳ ಸಮೇತ ಎತ್ತಿಕೊಂಡು ಹೋದಳು.

ಮಾರನೆಯ ದಿನ ಪವಿತ್ರ ಗೋಡೆಯ ಉದ್ದಕ್ಕೂ ನಡೆದು ಬಂದು ನನ್ನ ಮೇಜಿನ ಮುಂದೆ ನಿಂತಳು.

"ಸಾ, ಬಸ್ ಎಲ್ಲೈತೆ ಸಾ?"

"ನೇತಾಕಿಲ್ವೇನವ್ವ ಅಲ್ಲಿ? ಬಣ್ಣ, ಚಕ್ರ, ಡ್ರೈವರ್ರು, ಎಲ್ಲಾ ಐತೆ ನೋಡು" ಎಂದು ಹೊಸ ಪಟ್ಟಿಯನ್ನು ತೆಗೆದು ಕೈಗಿತ್ತೆ. ಅವಳು ಬಣ್ಣದ ಬಸ್ಸನ್ನು ನೋಡಲೇ ಇಲ್ಲ. ತಿರುಗಿಸಿದಳು. ಹಿಂಬದಿ ಬೆಳ್ಳಗೆ ಹೊಳೆಯುತ್ತಿತ್ತು.

"ಇದ್ರ ಹಿಂದ್ಗಡೆ ಏನೂ ಇಲ್ವಲ್ಲ ಸಾ."

"ಹಿಂದ್ಗಡೆ ಏನಿರ್ಬೇಕಿತ್ತು?"

ಹುಡುಗಿ ಪಟ್ಟಿಯನ್ನು ಮೇಜಿನ ಮೇಲಿಟ್ಟು ತನ್ನ ಜಾಗಕ್ಕೆ ಹೋಗಿ ಕೂತಳು. ನಾನು ಹಾಜರಿ ಕರೆಯಲು ಶುರುಮಾಡಿದೆ.

ಹಿಂದೆ ಏನಿತ್ತೆಂದು ಹೇಳಿದವರು ತರಬೇತಿಯಿಂದ ಮರಳಿದ ಜಯಮ್ಮ. ಚಂದ್ರಿಕೆಯಿಲ್ಲದ ಗೋಡೆಯ ಮುಂದೆ ಬ್ಯಾಗು ಹಿಡಿದುಕೊಂಡೇ ನಿಂತುಬಿಟ್ಟರು. ಪವಿತ್ರ ಬಸ್ಸಿನ ಪಟ್ಟಿ ಕೇಳಿದ್ದನ್ನು ಹೇಳಿದೆ. "ಅದು ಅವ್ಳ ಅಕ್ಕನ ಲಗ್ನಪತ್ರಿಕೆ ಸಾರ್. ಮಂಜುಳ ಅಂತ ದೊಡ್ಡಕ್ಷರದಲ್ಲಿ ಹೆಸ್ರಿತ್ತು. ಮನೇಲಿ ಅವ್ವ ನೋಡ್ದಾಗೆಲ್ಲ ಅಳ್ತದೆ ಅಂತ ಅಪ್ಪ ಎಲ್ಲಾ ಎತ್ತಿ ಸುಟ್ಟಾಕ್ಬುಡ್ತಂತೆ. ಫೋಟೋ ಎಲ್ಲಾ ಗಂಡನ ಮನೇಲವೆ. ಆ ಹೆಸ್ರು ಓದೋಕೇ ಅವ್ಳು ಸ್ಕೂಲಿಗೆ ಬತ್ತಿದ್ಲು."

"ನನಗೆ ಒಂದು ಮಾತು ಹೇಳಬಾರದಿತ್ತೇ ಜಯಮ್ಮನವರೇ?"

"ನೀವು ಕೇಳ್ಲಿಲ್ವಲ್ಲ ಸಾರ್" ಎಂದರು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಸಿಟ್ಟಿದ್ದಿದ್ದರೆ ನನಗೆ ಅಷ್ಟು ನೋಯುತ್ತಿರಲಿಲ್ಲ.

ಮಂಜುಳ ಚೊಚ್ಚಲ ಹೆರಿಗೆಗೆ ತವರಿಗೆ ಬಂದು ಕೂಸಿನ ಜೊತೆಗೇ ತೀರಿಹೋದ ವಿಷಯ ನನಗೂ ಗೊತ್ತಿತ್ತು. ಪವಿತ್ರ ಹದಿನೈದು ದಿನ ಶಾಲೆಗೆ ಬಾರದಿದ್ದಾಗ ಹಾಜರಿ ಪುಸ್ತಕದಲ್ಲಿ ಗುರುತು ಹಾಕಿದವನೇ ನಾನು. ಇನ್ನೂ ಒಂದು ಸಂಗತಿಯಿದೆ, ಇದನ್ನು ನನ್ನ ಹೆಂಡತಿಗೂ ಹೇಳಿಲ್ಲ. ಆ ಪತ್ರಿಕೆ ನನಗೇ ಬಂದದ್ದು. ಅವಳಪ್ಪ ಎಲೆ ಅಡಿಕೆ ಜೊತೆ ಕೈಗಿಟ್ಟು, "ಮೇಷ್ಟ್ರೇ, ತಪ್ಪಿಸ್ಬಾರ್ದು, ಬಂದು ನಾಕು ಅಕ್ಷತೆ ಹಾಕ್ಬೇಕು" ಎಂದಿದ್ದ. ಆಗಲಿ ಆಗಲಿ ಎಂದು, ಅವನು ಗೇಟು ದಾಟುವ ಮೊದಲೇ ಪತ್ರಿಕೆಯನ್ನು ಬಿಡಿಸಿಯೂ ನೋಡದೆ, ಪಟ್ಟಿ ಕತ್ತರಿಸಲೆಂದು ಜಯಮ್ಮ ಇಟ್ಟಿದ್ದ ಡಬ್ಬಕ್ಕೆ ಹಾಕಿದ್ದೆ. ಮದುವೆ ಚನ್ನಪಟ್ಟಣದ ಛತ್ರದಲ್ಲಿ, ಭಾನುವಾರ. ಬಿಸಿಲೆಂದು ಹೋಗಲಿಲ್ಲ.

ಅಡುಗೆಮನೆಗೆ ಓಡಿದೆ. ಒಂದಾದರೂ ಉಳಿದಿದೆಯೇ ಎಂದು ಪುಟ್ಟತಾಯಮ್ಮನನ್ನು ಕೇಳಿದೆ. "ಎಲ್ಲೈತೆ ಸಾ? ಒಣಗಿದ ಬಿದ್ರು, ಒಳ್ಳೆ ಕಾಗ್ದ, ಚೆಂದಾಗಿ ಉರೀತು. ಅವತ್ತು ಬೇಳೆ ಒಸಿ ಬ್ಯಾಗ್ನೇ ಬೆಂದ್ಬುಡ್ತು" ಎಂದಳು. ಆ ದಿನದ ಸಾರು ಚೆನ್ನಾಗಿದೆಯೆಂದು ನಾನೇ ಹೊಗಳಿದ್ದು ನೆನಪಾಯಿತು.

ಮಾಡಿದ ತಪ್ಪಿಗೆ ಏನಾದರೂ ಮಾಡಬೇಕಲ್ಲ. ಪವಿತ್ರಳನ್ನು ಕರೆದು, ಕಿಟ್ಟಿನ ಬಸ್ಸನ್ನು ಬೋರಲು ಹಾಕಿ, ನನ್ನ ಪೆನ್ನು ಕೊಟ್ಟು, "ಅಕ್ಕನ ಹೆಸರು ನೀನೇ ಬರಿಯವ್ವ" ಎಂದೆ. ಸರ್ಕಾರಿ ವಸ್ತುವಿನ ಮೇಲೆ ಗೀಚಬಾರದು ಎಂದು ಅಷ್ಟು ವರ್ಷ ಮಕ್ಕಳ ಕಿವಿ ಹಿಂಡಿದ ಕೈಯಿಂದಲೇ ಪೆನ್ನು ಕೊಟ್ಟೆ. ಅವಳು ನಾಲಿಗೆ ಕಚ್ಚಿಕೊಂಡು ನಿಧಾನವಾಗಿ ಬರೆದಳು. ಮಂಜುಳ. ಪ್ಲಾಸ್ಟಿಕ್ಕಿನ ಮೇಲೆ ಮಸಿ ನಿಲ್ಲಲಿಲ್ಲ, ಹನಿಹನಿಯಾಗಿ ಒಡೆಯಿತು. ಒಣಗಿದೆಯೇ ಎಂದು ಅವಳು ಬೆರಳಿಟ್ಟು ಮುಟ್ಟಿದಳು, ಹೆಸರು ಬೆರಳಿಗೆ ಬಂದುಬಿಟ್ಟಿತು. ಅವಳು ಅಳಲಿಲ್ಲ. ಬೆರಳನ್ನು ಲಂಗಕ್ಕೆ ಒರೆಸಲೂ ಇಲ್ಲ, ಸಂಜೆಯವರೆಗೂ ಮಡಿಸಿ ಹಿಡಿದುಕೊಂಡೇ ಇದ್ದಳು.

ಆಮೇಲೆ ಆ ಹುಡುಗಿ ಇನ್ನೂರು ಪಟ್ಟಿಯನ್ನೂ ಎರಡೇ ತಿಂಗಳಲ್ಲಿ ಓದಿ ಮುಗಿಸಿದಳು. ನಿಲ್ಲಲು ಕಾರಣವೇ ಇಲ್ಲವಾದ ಮೇಲೆ ಮುಂದೆ ಹೋಗದೆ ಏನು ಮಾಡುತ್ತಾಳೆ? ಅಧಿಕಾರಿಗಳು ಕಿಟ್ಟಿನ ಪರಿಣಾಮ ಕಂಡು ಸಂತೋಷಪಟ್ಟರು. 'ನಿಧಾನ ಕಲಿಕೆ' ಎಂಬುದನ್ನು ನಾನು ಹೊಡೆದುಹಾಕಿದೆ, ಆದರೆ ನನ್ನ ಹೆಸರಿನ ಮುಂದೆ ಬರೆಯಲು ಯಾವ ಕಾಲಮ್ಮೂ ಇರಲಿಲ್ಲ. ಕಿಟ್ಟನ್ನು ನಾನು ಬೈಯುವುದಿಲ್ಲ, ಅದು ಒಳ್ಳೆಯ ಸಾಮಾನೇ. ಎಲ್ಲಿಯೋ ಯಾರೋ ನಮ್ಮ ಮಕ್ಕಳನ್ನು ನೆನೆದೇ ಮಾಡಿರುತ್ತಾರೆ. ಪಟ್ಟಿಗಳನ್ನು ತಿರುವಿ ನೋಡದವನು ನಾನು.

ಅಂದಿನಿಂದ ಪತ್ರಿಕೆ ಕೊಟ್ಟವರ ಮದುವೆಯನ್ನು ನಾನು ತಪ್ಪಿಸಿದ್ದಿಲ್ಲ. ಮಾಗಡಿಯಾಗಲಿ ಕನಕಪುರವಾಗಲಿ, ಬಸ್ಸು ಹತ್ತಿ ಹೋಗುತ್ತೇನೆ. ಮೇಷ್ಟರಿಗೆ ಪೆನ್ಷನ್ನು ಬಂದ ಮೇಲೆ ಒಬ್ಬಟ್ಟಿನ ಚಪಲ ಹೆಚ್ಚಾಗಿದೆ ಎಂದು ಜನ ನಗುತ್ತಾರೆ, ನಗಲಿ, ಒಬ್ಬಟ್ಟೂ ಚೆನ್ನಾಗಿಯೇ ಇರುತ್ತದೆ. ಬಾಗಿಲಲ್ಲಿ ಪನ್ನೀರು ಚಿಮುಕಿಸುವವರು ಗುರುತು ಸಿಗದೆ, "ತಾವು ಹೆಣ್ಣಿನ ಕಡೆಯೋರಾ, ಗಂಡಿನ ಕಡೆಯೋರಾ?" ಎಂದು ಕೇಳುತ್ತಾರೆ. ಧಾರೆಯ ಮಂಟಪದ ಹತ್ತಿರ, ಹೊಸ ಲಂಗ ತುಳಿದು ಎಡವುತ್ತಾ, ಅಕ್ಕನ ಸೆರಗು ಹಿಡಿದುಕೊಂಡು ನಿಂತ ಒಂದು ಪುಟ್ಟ ಹುಡುಗಿ ಬಹಳಷ್ಟು ಮದುವೆಗಳಲ್ಲಿ ಇದ್ದೇ ಇರುತ್ತಾಳೆ. ನಾನು ಅವಳನ್ನು ತೋರಿಸಿ, "ಆ ಮಗುವಿನ ಕಡೆಯವನು" ಎಂದು ಹೇಳಿ ಒಳಗೆ ಹೋಗಿ ಕೂರುತ್ತೇನೆ.