ಅವ್ವನಿಗೆ ದಾರ, ಪಕ್ಕದ ಮಂಚಕ್ಕೆ ಪಿನ್ನು

ಒಂದು ಕಡೆ ಸುಮ್ಮನೆ ಕೂರುವುದು ನನ್ನ ಜಾಯಮಾನವಲ್ಲ. ಅಂಥವಳನ್ನು ಎಂಬತ್ತರ ದಶಕದ ಆರಂಭದಲ್ಲಿ ಹೈದರಾಬಾದಿನ ದವಾಖಾನೆಯೊಂದರಲ್ಲಿ ಅವ್ವನ ಮಂಚದ ಬಳಿ ಕೂರಿಸಿದ್ದರು. ಶಹಾಬಾದಿನ ನಮ್ಮ ಮನೆಯ ಫರಸಿ ಕಲ್ಲಿನ ಮೇಲೆ ಜಾರಿ ಅವ್ವ ಸೊಂಟದ ಕೀಲು ಮುರಿದುಕೊಂಡಿದ್ದಳು. ಅದನ್ನು ತೆಗೆದು ಲೋಹದ ಕೀಲು ಕೂಡಿಸಿದ್ದರು. ಗಾಯ ಒಣಗಬೇಕು, ಕೀವು ಒಳಗಿಳಿದರೆ ಹೊಸ ಕೀಲನ್ನೇ ಕಿತ್ತು ತೆಗೆಯಬೇಕಾದೀತು ಎಂದು ಡಾಕ್ಟರು ಹೇಳಿ ಹೋದರು. ಆಮೇಲೆ ನನಗೆ ಊಟ ಸೇರಲಿಲ್ಲ. ವರಾಂಡದಲ್ಲಿ ಅಲೆಯುವುದು, ಬಂದು ಗಾಯದ ಪಟ್ಟಿ ನೋಡುವುದು, ಮತ್ತೆ ಅಲೆಯುವುದು.

ಪಕ್ಕದ ಮಂಚದಲ್ಲಿ ಚಿಂಚೋಳಿ ಕಡೆಯ ಹೆಂಗಸು. ಅದೇ ದಿನ, ಅದೇ ಆಪರೇಷನ್. ಆರೈಕೆಗೆ ಮಗಳಿದ್ದಳು. ನಮ್ಮ ಕಡೆಯವರೆಂದು ಗೊತ್ತಾದದ್ದೇ ತಡ, ರೊಟ್ಟಿ, ಶೇಂಗಾ ಹಿಂಡಿ ಆ ಮಂಚದಿಂದ ಈ ಮಂಚಕ್ಕೆ ಓಡಾಡಿದವು. ಆದರೆ ಅವ್ವನ ಗಾಯವನ್ನು ಕರಿ ದಾರದಿಂದ ಹೊಲಿದಿದ್ದರು, ಅವರದಕ್ಕೆ ಕಾಗದಕ್ಕೆ ಹೊಡೆಯುವಂಥ ಉಕ್ಕಿನ ಪಿನ್ನು ಹಾಕಿದ್ದರು. ಅವರದು ಬೇಗನೆ ಒಣಗಿತು. ನಮ್ಮ ಪಟ್ಟಿಯ ಮೇಲೆ ದಿನಾ ಹಸಿ ಕಲೆ. ನನಗೆ ಹೊಟ್ಟೆಕಿಚ್ಚಾಯಿತು.

ನಮಗೇಕೆ ಪಿನ್ನು ಹಾಕಲಿಲ್ಲವೆಂದು ಡಾಕ್ಟರನ್ನು ಅಡ್ಡಗಟ್ಟಿ ಕೇಳಿದೆ. ಎರಡೂ ಚರ್ಮ ಕೂಡಿಸುವ ದಾರಿಗಳೇ ಎಂದು ಅವರು ಮುಂದೆ ನಡೆದರು.

"ಡಾಕ್ಟರ್ ಕೂಡ ಯಾಕ ಜಗಳ ತೆಗಿತಿ? ನೀ ಹೊಲಿದ ಕುಬಸಕಿಂತ ಭಾಳ ಗಟ್ಟಿ ಅದ ಈ ಹೊಲಿಗಿ" ಎಂದು ಅವ್ವ ನಕ್ಕಳು. ನನಗೆ ನಗು ಬರಲಿಲ್ಲ.

ಅಷ್ಟರಲ್ಲಿ ಚಿಂಚೋಳಿಯವರಿಗೆ ಜ್ವರ ಏರಿತು. ಮೇಲೆ ಒಣಗಿದ್ದ ಗಾಯ ಒಳಗೆ ಕೀವು ಕಟ್ಟಿತ್ತು. ಪಿನ್ನು ಬಿಚ್ಚಿ, ಗಾಯ ತೆರೆದು ತೊಳೆದರು. ಇದು ಪಿನ್ನಿನ ತಪ್ಪಲ್ಲ, ದಾರ ಹಾಕಿದ್ದರೂ ಆಗಬಹುದಿತ್ತು ಎಂದರು ಡಾಕ್ಟರು. ಕೀಲು ಉಳಿಯುತ್ತದೆಂದು ಮಾತ್ರ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ನರ್ಸು ಅವ್ವನ ಪಟ್ಟಿ ಬಿಚ್ಚಿದಳು. ಕಲೆ ಇರಲಿಲ್ಲ. ನನಗೆ ಅಲ್ಲೇ ಕುಣಿಯಬೇಕೆನ್ನಿಸಿತು. ನರ್ಸು ಹೊಸ ಪಟ್ಟಿ ಕಟ್ಟಿ ಹೋದ ಮೇಲೆ ಆ ಮಗಳು ಬಂದು ನಿಂತಳು. ರಾತ್ರಿಯೆಲ್ಲ ಅತ್ತು ಮುಖ ಊದಿತ್ತು.

"ಅಕ್ಕಾ, ನಿಮ್ಮವ್ವಂದು ಒಣಗ್ಯದೇನ್ರಿ?"

"ಎಲ್ಲಿದು ತಂಗಿ, ಇನ್ನಾ ಒಸರ್ಲಿಕತ್ತದ" ಎಂದೆ.

ಅವ್ವ ನನ್ನ ಮುಖ ನೋಡಿದಳು. ಆಮೇಲೆ ಮೆಲ್ಲಗೆ ಚಾದರ ಎಳೆದು ಆ ಬಿಳಿ ಪಟ್ಟಿ ಮುಚ್ಚಿಕೊಂಡಳು.