ಶಾಂತಾಬಾಯಿ ಸಿಸ್ಟರ್ ಕಲಿಸಿದ ಉಸಿರಿನ ಲೆಕ್ಕ

ಮೊನ್ನೆ ಮಗಳು ಔಷಧಿ ಅಂಗಡಿಯಿಂದ ಬೆರಳಿಗೆ ಸಿಕ್ಕಿಸುವ ಪುಟ್ಟ ಯಂತ್ರವೊಂದನ್ನು ತಂದಳು. ಬಟ್ಟೆ ಒಣಹಾಕುವ ಕ್ಲಿಪ್ಪಿನಂಥದು. ನನ್ನ ಬೆರಳಿಗೆ ಹಾಕಿ, “ರಕ್ತದಾಗ ಆಕ್ಸಿಜನ್ ತೊಂಬತ್ತೇಳು ಅದ. ಏನೂ ಚಿಂತಿ ಇಲ್ಲವ್ವಾ” ಎಂದು ಖುಷಿಪಟ್ಟಳು. ಜೀವಮಾನವೆಲ್ಲ ನರ್ಸ್ ಆಗಿದ್ದ ನನಗೆ ಒಳಗೊಳಗೇ ಹೊಟ್ಟೆಕಿಚ್ಚಾಯಿತು. ಇಷ್ಟು ತಿಳಿದುಕೊಳ್ಳಲು ನಾನು ಎಷ್ಟು ಬೈಸಿಕೊಂಡಿದ್ದೇನೆ, ಬಲ್ಲಿರಾ?

ಬೈದವರು ಶಾಂತಾಬಾಯಿ ಸಿಸ್ಟರ್. ಎಂಬತ್ತರ ದಶಕದ ಮಾತು. ತರಬೇತಿ ಮುಗಿಸಿ, ಇಸ್ತ್ರಿ ಮುರಿಯದ ಬಿಳಿ ಸೀರೆಯುಟ್ಟು, ಅಫಜಲಪುರ ಕಡೆಯ ಒಂದು ಸಣ್ಣ ಆಸ್ಪತ್ರೆಗೆ ಬಂದಿದ್ದೆ. ಮೊದಲ ದಿನವೇ ವಾರ್ಡಿನ ಹನ್ನೆರಡೂ ರೋಗಿಗಳ ಚಾರ್ಟಿನಲ್ಲಿ ಉಸಿರಾಟ ‘ಇಪ್ಪತ್ತು’ ಎಂದು ಬರೆದಿಟ್ಟೆ. ಸಿಸ್ಟರ್ ಕನ್ನಡಕ ಮೂಗಿನ ಮೇಲೆ ಇಳಿಸಿ ನೋಡಿದರು.

“ಎಲ್ಲಾರದೂ ಇಪ್ಪತ್ತೇನು? ವಾರ್ಡಿನ ಮಂದಿ ಎಲ್ಲಾ ಮಾತಾಡ್ಕೊಂಡು ಉಸುರು ಬಿಡಾಕತ್ತಾರೇನು?”

ಅಂದಿನಿಂದ ಪೂರ್ತಿ ಒಂದು ನಿಮಿಷ ಎಣಿಸುವುದು ಕಾಯಂ ಆಯಿತು. ಆದರೆ ಉಸಿರು ಎಣಿಸುತ್ತಿದ್ದೇವೆಂದು ರೋಗಿಗೆ ತಿಳಿಯಬಾರದು. ನಾನು ಖಜೂರಿ ಊರಿನ ಮುದುಕರೊಬ್ಬರಿಗೆ ಬಾಯಿಬಿಟ್ಟು ಹೇಳಿಬಿಟ್ಟಿದ್ದೆ. ಅವರು ನೆಟ್ಟಗೆ ಕೂತು, ಕಣ್ಣು ಮುಚ್ಚಿ, ಪೂಜೆಗೆ ಕೂತವರಂತೆ ಉಸಿರೆಳೆಯತೊಡಗಿದರು. ನಿಮಿಷಕ್ಕೆ ಆರು! “ನಾಡಿ ನೋಡಿದಂಗ ಕೈ ಹಿಡ್ಕೊ, ಕಣ್ಣು ಎದಿ ಮ್ಯಾಲ ಇರಲಿ” ಎಂದು ಸಿಸ್ಟರ್ ಉಪಾಯ ಹೇಳಿಕೊಟ್ಟರು.

ಈ ಚಟ ಆಸ್ಪತ್ರೆಯ ಹೊರಗೂ ಬೆನ್ನುಹತ್ತಿತು. ನೆಲೋಗಿಗೆ ಹೋಗುವ ಬಸ್ಸಿನಲ್ಲಿ ಎದುರಿಗೆ ನಿದ್ದೆಹೋದ ಗಂಡಸಿನ ಉಸಿರು ಎಣಿಸುತ್ತಿದ್ದೆ. ಮಗ್ಗುಲಲ್ಲಿದ್ದ ಅವನ ಹೆಂಡತಿ, “ನಮ್ಮ ಮನಿಯವ್ರನ್ನ ಏನ್ ನೋಡಾಕತ್ತೀಬೇ?” ಎಂದು ಗದರಿದಳು. ಇಡೀ ಬಸ್ಸು ತಿರುಗಿ ನೋಡಿತು. ಹದಿನಾಲ್ಕಕ್ಕೇ ಲೆಕ್ಕ ನಿಂತಿತು.

ಸಿಸ್ಟರ್ ಇನ್ನೊಂದು ಮಾತು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು: “ಬಿ.ಪಿ. ಛಲೋ ಅದ ಅಂತ ನಂಬಿ ಕೂಡಬ್ಯಾಡ. ಅದು ಕಡೀಕ್ ಬೀಳ್ತದ. ಮೊದಲ ಪೇಶಂಟಿನ ಮಾರಿ ನೋಡು.”

ಅತನೂರಿನ ಮಹಾದೇವಿಗೆ ಹೆಣ್ಣುಮಗು ಹುಟ್ಟಿದ್ದು ಒಂದು ಬುಧವಾರ ಬೆಳಿಗ್ಗೆ. ಚೊಚ್ಚಲ ಹೆರಿಗೆ. ಅವಳ ಅತ್ತೆ ವಾರ್ಡಿನಲ್ಲೆಲ್ಲ ಸಕ್ಕರೆ ಹಂಚುತ್ತಿದ್ದಳು. ನನ್ನ ಬಾಯಲ್ಲೂ ಒಂದು ಚಿಟಿಕೆ. ಅದನ್ನು ಚಪ್ಪರಿಸುತ್ತಲೇ ಮಹಾದೇವಿಯ ಬಿ.ಪಿ. ನೋಡಿದೆ. ಸರಿಯಾಗಿತ್ತು. ಬರೆದುಕೊಂಡು ಮುಂದಿನ ಮಂಚಕ್ಕೆ ಹೊರಟಿದ್ದೆ.

“ಅಕ್ಕಾ, ನೀರಡಿಕಿ ಭಾಳ ಆಗ್ಯಾದ್ರಿ. ಯಾಕೋ ಒಂಥರಾ ಆಗಾಕತ್ತದ” ಎಂದಳು.

ತಿರುಗಿ ನೋಡಿದೆ. ತುಟಿ ಬಿಳಿಚಿತ್ತು. ಕೈ ಹಿಡಿದರೆ ತಣ್ಣಗೆ. ನಾಡಿ ನಿಮಿಷಕ್ಕೆ ನೂರಿಪ್ಪತ್ತು ದಾಟಿತ್ತು, ಉಸಿರು ಇಪ್ಪತ್ತೆಂಟು. ಹೊದಿಕೆ ಸರಿಸಿ ಹೊಕ್ಕುಳ ಹತ್ತಿರ ಒತ್ತಿದೆ. ಹೆರಿಗೆಯಾದ ಮೇಲೆ ಗಟ್ಟಿಯಾಗಿರಬೇಕಾದ ಗರ್ಭಕೋಶ ಕಲಸಿಟ್ಟ ಹಿಟ್ಟಿನಂತೆ ಮೆತ್ತಗಿತ್ತು. ಒತ್ತಿದ್ದೇ ತಡ, ಒಳಗೆ ಕಟ್ಟಿಕೊಂಡಿದ್ದ ರಕ್ತ ಗಡ್ಡೆಗಡ್ಡೆಯಾಗಿ ಹೊರಬಿತ್ತು.

“ಸಿಸ್ಟರ್!” ಎಂದು ಕೂಗಿದ್ದು ನೆನಪಿದೆ. ಕೈ ಮಾತ್ರ ಹೊಟ್ಟೆಯನ್ನು ತಿಕ್ಕುವುದು ಬಿಡಲಿಲ್ಲ. ಶಾಂತಾಬಾಯಿಯವರು ಡಾಕ್ಟರರನ್ನು ಕರೆಯಲು ಆಯಾಳನ್ನು ಓಡಿಸಿ ತಾವೇ ಸಲೈನ್ ಹಚ್ಚಿದರು. ಡಾಕ್ಟರರು ಬಂದು ಗರ್ಭಕೋಶ ಬಿಗಿಯಾಗುವ ಇಂಜೆಕ್ಷನ್ ಕೊಟ್ಟರು. ನನ್ನ ತೋಳು ಸೋತಿತ್ತು. “ಬಿಡಬ್ಯಾಡ, ತಿಕ್ಕು” ಎಂದರು ಸಿಸ್ಟರ್. ಅರ್ಧ ತಾಸು ತಿಕ್ಕಿದೆ. ಕೊನೆಗೆ ಅಂಗೈ ಕೆಳಗೆ ಗರ್ಭಕೋಶ ನಿಧಾನವಾಗಿ ತೆಂಗಿನಕಾಯಿಯಂತೆ ಗಟ್ಟಿಯಾಯಿತು. ರಕ್ತ ನಿಂತಿತು. ಮಧ್ಯಾಹ್ನದ ಹೊತ್ತಿಗೆ ಮಹಾದೇವಿ ಕಣ್ಣರಳಿಸಿ, “ಕೂಸಿಗಿ ಇತ್ತಾಗ ಕೊಡ್ರಿ” ಎಂದಳು. ನಾನು ಸ್ಟೋರ್ ರೂಮಿಗೆ ಹೋಗಿ ಅತ್ತುಬಿಟ್ಟೆ. ಸಿಸ್ಟರ್ ಹಿಂದೆಯೇ ಬಂದು ಚಹಾ ಕೈಗಿಟ್ಟರು. ಹೊಗಳಲಿಲ್ಲ. ಆ ತಿಂಗಳೆಲ್ಲ ಬೈಯಲೂ ಇಲ್ಲ.

ಮನೆಗೆ ಹೊರಡುವ ದಿನ ಮಹಾದೇವಿಯ ಅತ್ತೆ ನನ್ನ ಕೈ ಹಿಡಿದಳು. “ನಿಮ್ಮ ಹೆಸರೇನ್ರಿ ಬಾಯಾರ? ಕೂಸಿಗಿ ಅದೇ ಇಡ್ತೇವಿ.”

ಹಿಗ್ಗಿ ಹೀರೆಕಾಯಿಯಾದೆ. ಹೆಸರು ಹೇಳಿದೆ. ಮುದುಕಿಯ ಮುಖ ಸಪ್ಪಗಾಯಿತು.

“ಅಯ್ಯ! ಅದು ನಮ್ಮ ಮೈದುನನ ಹೇಣ್ತಿ, ನಮ್ಮ ನೆಗೆಣ್ಣಿ ಹೆಸರ್ರಿ. ಆಕಿ ಕೂಡ ನಾ ಮಾತಾಡಂಗಿಲ್ಲ. ಆ ದೊಡ್ಡ ಸಿಸ್ಟರ್ ಹೆಸರೇನ್ರಿ?”

ಮಗು ಶಾಂತಾ ಆಯಿತು. ಸಿಸ್ಟರ್ ನಕ್ಕಿದ್ದನ್ನು ನಾನು ಕಂಡದ್ದು ಅಂದೇ. ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

ಇದನ್ನು ಬರೆಯುತ್ತ ನಾನೂ ಒಬ್ಬಳೇ ನಗುತ್ತಿದ್ದೇನೆ. ನಮ್ಮೂರ ನರ್ಸಿಂಗ್ ಶಾಲೆಯವರು ಪಾಠ ಹೇಳಲು ವರ್ಷದಿಂದ ಕರೆಯುತ್ತಿದ್ದರು. ನನಗೆ ಗೊತ್ತಿರುವುದು ಈಗ ಯಾರಿಗೆ ಬೇಕೆಂದು ತಪ್ಪಿಸಿಕೊಳ್ಳುತ್ತಿದ್ದೆ. ಈಗಷ್ಟೇ ಫೋನ್ ಮಾಡಿ ಬರುತ್ತೇನೆಂದೆ.

“ಪ್ರೊಜೆಕ್ಟರ್ ಬೇಕೇನ್ರಿ ಮೇಡಂ?” ಎಂದು ಕೇಳಿದರು.

“ಬ್ಯಾಡ್ರಿ. ಒಂದು ಮಂಚ ಹಾಕಿಸ್ರಿ, ಅದರ ಮ್ಯಾಲ ಮಲಗಾಕ ಒಬ್ಬಾಕಿ ಹುಡುಗಿ ಇರಲಿ. ಅಷ್ಟ ಸಾಕು” ಎಂದೆ.