ಇಂಜಿನ್ ನೋಡಲು ಹೋದವನು

ಎಪ್ಪತ್ತರ ದಶಕದಲ್ಲಿ ನಾನು ಮುಂಬೈಯಲ್ಲಿ ಸಮುದ್ರದಾಳಕ್ಕೆ ಇಳಿಯುವ ಡೈವರ್ ಆಗಿದ್ದೆ. ಆರು ದಿನ ಸಮುದ್ರದಲ್ಲೇ ಉಳಿದು ಮುಳುಗುವ ಕೆಲಸವೊಂದು ಬಂತು. ದೋಣಿ ಆರಿಸುವ ಹೊಣೆ ನನ್ನದೇ. ಮಲಾಡಿನಾಚೆಯ ದಂಡೆಯಲ್ಲಿ ಒಂದು ಹಳೇ ದೋಣಿ ಹತ್ತಿ, "ಇಂಜಿನ್ ಚಾಲೂ ಮಾಡಿ, ನೋಡೋಣ" ಎಂದೆ.

ದೋಣಿಯ ಒಡತಿ ಒಬ್ಬ ಮೀನುಗಾರ ಅಜ್ಜಿ. ನನ್ನ ಕೆಂಪು ಕಣ್ಣು ನೋಡಿ ಮರಾಠಿಯಲ್ಲಿ ಹೇಳಿದಳು: "ಮೊದಲು ಮಲಗಿ ನೋಡು ಮಗಾ. ನಿದ್ದೆ ಬಾರದ ದೋಣಿಯಿಂದ ನೀರಿಗೆ ಇಳೀಬಾರದು."

ಮಾಟುಂಗದ ಚಾಳಿನಲ್ಲಿ ಒಂದೇ ಖೋಲಿಯಲ್ಲಿ ಹನ್ನೊಂದು ಜನ ಮಲಗುತ್ತಿದ್ದವರು ನಾವು. ದೋಣಿಯ ಹಲಗೆಗೆ ಬೆನ್ನು ತಾಗಿದ್ದಷ್ಟೇ ಗೊತ್ತು.

ಎಚ್ಚರವಾದಾಗ ಮೈಮೇಲೆ ಅಜ್ಜಿಯ ಹಳೇ ಸೀರೆಯಿತ್ತು. ಅಜ್ಜಿ ಗಂಡನನ್ನು ಮೆಲ್ಲಗೆ ಗದರುತ್ತಿದ್ದಳು: "ಈಗ ಇಂಜಿನ್ ಮುಟ್ಟಬೇಡ, ಮಗು ಮಲಗಿದೆ." ಮೀಸೆ ಹೊತ್ತ ನಾನು ಇನ್ನೊಂದು ಗಳಿಗೆ ಮಗುವಾಗಿಯೇ ಬಿದ್ದುಕೊಂಡೆ. ಎದ್ದವನೇ ಇದೇ ದೋಣಿ ಎಂದೆ.

ಎರಡನೇ ದಿನ ನಡುಸಮುದ್ರದಲ್ಲಿ ಇಂಜಿನ್ ನಿಂತಿತು. ಯಾರನ್ನೂ ಬಯ್ಯುವ ಹಾಗಿರಲಿಲ್ಲ, ಹೋಗಿ ಮಲಗಿದೆ.